ನನ್ನೊಳಗಿದ್ದ ಇನ್ನೂರ ಹನ್ನೆರಡು ಮಾತುಗಳು

ನಿಮ್ಮ ಕಿರುಬೆರಳಿನ ಉಗುರನ್ನು ಒಮ್ಮೆ ನೋಡಿಕೊಳ್ಳಿ. ನಾನು ಇರುವುದು ಅಷ್ಟೇ. ಕಪ್ಪು ಮೈ, ಬೆನ್ನ ಮೇಲೆ ಹಿತ್ತಾಳೆ ಬಣ್ಣದ ನಾಲ್ಕಾರು ಗೆರೆ. ಜನ ನನ್ನನ್ನು ಮೆಮರಿ ಕಾರ್ಡು ಎನ್ನುತ್ತಾರೆ, ಅವಸರವಿದ್ದರೆ ಬರೀ ಕಾರ್ಡು. ಕೈಜಾರಿ ಬಿದ್ದರೆ ಹುಡುಕಿದರೂ ಸಿಗುವವನಲ್ಲ, ಕಸಬರಿಗೆಗೆ ಸಿಕ್ಕರೆ ಕಸದ ಜೊತೆ ಹೋಗುವವನು. ಇಂಥವನದೂ ಒಂದು ಆತ್ಮಕಥೆಯೇ ಎಂದು ನಗಬೇಡಿ. ಒಬ್ಬ ಮನುಷ್ಯನ ಧ್ವನಿಯನ್ನು ಹದಿನಾಲ್ಕು ತಿಂಗಳು ಹೊತ್ತು ತಿರುಗಿದವನು ನಾನು. ಅದನ್ನು ಕಳೆದವನೂ ನಾನೇ.

ಹುಟ್ಟಿದ್ದು ಯಾವುದೋ ದೂರದೇಶದ ಕಾರ್ಖಾನೆಯಲ್ಲಿ. ಕಣ್ಣು ಬಿಟ್ಟು ಉಳಿದೆಲ್ಲ ಮುಚ್ಚಿಕೊಂಡ ಹೆಂಗಸರು ನಮ್ಮನ್ನು ಸಾಲಾಗಿ ಜೋಡಿಸುತ್ತಿದ್ದರು. ಅವರ ಮುಖ ಕಂಡಿಲ್ಲ, ಧ್ವನಿ ಕೇಳಿಲ್ಲ. ಆಮೇಲೆ ಪ್ಲಾಸ್ಟಿಕ್ ಗೂಡು, ಹಡಗು, ಲಾರಿ. ಕೊನೆಗೆ ಗಜೇಂದ್ರಗಡದ ಬಸ್‌ಸ್ಟ್ಯಾಂಡ್ ಎದುರಿನ ಕಳಕಪ್ಪನ ಮೊಬೈಲ್ ಅಂಗಡಿಯಲ್ಲಿ, ಫೋನಿನ ಕವರುಗಳ ಪಕ್ಕ, ಮೊಳೆಗೆ ನೇತುಬಿದ್ದೆ. ಎಂಟು ತಿಂಗಳು ನೇತಾಡಿದೆ. ನನ್ನನ್ನು ಹರಿದು ಹೊರತೆಗೆದವನು ರಾಜೇಸಾಬ.

ರಾಜೇಸಾಬನದು ಪ್ರಚಾರದ ಆಟೊ. ತಲೆಯ ಮೇಲೆ ಎರಡು ಕಹಳೆ ಸ್ಪೀಕರು, ಒಳಗೆ ಒಂದು ಪ್ಲೇಯರು, ಒಂದು ಮೈಕು. ಸೀರೆ ಮಾರಾಟ, ಕಣ್ಣಿನ ತಪಾಸಣೆ, ಕುಸ್ತಿ, ನಾಟಕ, ಕಳೆದುಹೋದ ಎಮ್ಮೆ, ತೀರಿಹೋದ ಹಿರಿಯರು, ಹೀಗೆ ಊರಿಗೆ ತಿಳಿಸಬೇಕಾದ್ದೆಲ್ಲ ಆ ಗಾಡಿಯಿಂದಲೇ. ಕಳಕಪ್ಪ ನನ್ನೊಳಗೆ ಮುನ್ನೂರು ಹಾಡು ತುಂಬಿಸಿದ, ರಾಜೇಸಾಬ ನನ್ನನ್ನು ಪ್ಲೇಯರಿಗೆ ತುರುಕಿದ. ಒಂದು ಪ್ರಕಟಣೆಗೂ ಇನ್ನೊಂದಕ್ಕೂ ನಡುವೆ ಹಾಡುವುದು ನನ್ನ ಕೆಲಸ.

ಗಾಡಿಯಲ್ಲಿ ಧೂಳು ಕೇಳಬೇಡಿ. ತಿಂಗಳಿಗೊಮ್ಮೆಯಾದರೂ ಪ್ಲೇಯರು ಮುನಿಸಿಕೊಳ್ಳುತ್ತಿತ್ತು. ಆಗ ರಾಜೇಸಾಬ ನನ್ನನ್ನು ಕಿತ್ತು, ಬಾಯಿಂದ ಉಫ್ ಎಂದು ಊದಿ, ಅಂಗಿಗೆ ಉಜ್ಜಿ, ತನ್ನ ಫೋನಿಗೆ ಹಾಕುತ್ತಿದ್ದ. ಫೋನು ಇಂಗ್ಲಿಷಿನಲ್ಲಿ ಏನೋ ಕೇಳುತ್ತಿತ್ತು. ಅವನು ಓದು ಬರಹ ಬಾರದವನು. ಕೆಳಗಿರುವ ನೀಲಿ ಗುಂಡಿ ಒತ್ತಿದರೆ ಕಾರ್ಡು ಸರಿಯಾಗುತ್ತದೆ ಎಂದಷ್ಟೇ ಗೊತ್ತು. ಒತ್ತುತ್ತಿದ್ದ. ನನ್ನೊಳಗಿನದೆಲ್ಲ ಅಳಿಸಿಹೋಗುತ್ತಿತ್ತು. ಹೋದರೆ ಹೋಗಲಿ, ಕಳಕಪ್ಪನ ಅಂಗಡಿಗೆ ಹೋದರೆ ಹತ್ತು ನಿಮಿಷದಲ್ಲಿ ಮತ್ತೆ ಅವೇ ಮುನ್ನೂರು ಹಾಡು. ಹೀಗೆ ಹನ್ನೊಂದು ಸಲ ಅಳಿಸಿಕೊಂಡಿದ್ದೇನೆ. ನನಗಾಗಲಿ ಅವನಿಗಾಗಲಿ ಅದು ಮುಖ ತೊಳೆದುಕೊಂಡಷ್ಟೇ ಸಹಜವಾಗಿತ್ತು.

ಆ ಗಾಡಿಯ ಹಿಂದಿನ ಸೀಟಿನಲ್ಲಿ ಮೈಕು ಹಿಡಿದು ಕೂರುತ್ತಿದ್ದವನೇ ಫಕ್ಕೀರಪ್ಪ. ನಾನು ಕತೆ ಹೇಳಹೊರಟದ್ದು ಅವನದು. ಕಪ್ಪಗೆ, ತೆಳ್ಳಗೆ, ಎದ್ದು ಕಾಣುವ ಗಂಟಲ ಗಂಟು. ಅವನ ಅಪ್ಪ ಹಳ್ಳಿಯಲ್ಲಿ ಡಂಗುರ ಸಾರುತ್ತಿದ್ದವನು, ಇವನು ಮೈಕಿಗೆ ಬಂದ. ಅವನು ಬಾಯಿ ತೆರೆಯುವ ಮುನ್ನ ರಾಜೇಸಾಬ ನನ್ನ ಸದ್ದನ್ನು ತಗ್ಗಿಸುತ್ತಿದ್ದ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಮುನ್ನೂರು ಹಾಡು ಹೊತ್ತವನನ್ನು ಸುಮ್ಮನಿರಿಸಲು ಇವನ್ಯಾರು? ಆಮೇಲಾಮೇಲೆ ನಾನೇ ಕಾಯತೊಡಗಿದೆ. ಅಂಥ ಧ್ವನಿ ಅದು! ಗದರುವುದಿಲ್ಲ, ಅರಚುವುದಿಲ್ಲ, ಆದರೂ ಮೂರನೇ ಓಣಿಯ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವವಳ ಕೈ ನಿಲ್ಲುತ್ತಿತ್ತು. ಕಾಗದ ಹಿಡಿದು ಓದುತ್ತಿರಲಿಲ್ಲ. "ನಾಳಿ ನಳಾ ಬರಂಗಿಲ್ರೆವ್ವಾ! ಕೊಡ, ಚರಗಿ, ಬಕೀಟು, ಏನ ಐತಿ ಎಲ್ಲಾ ತುಂಬಿ ಇಟ್ಗೊಳ್ರಿ. ನಾಳಿ ನನ್ನ ಬೈಬ್ಯಾಡ್ರಿ ಮತ್ತ!" ಎಂದು ತನ್ನದೇ ಮಾತು ಸೇರಿಸುತ್ತಿದ್ದ. ಜನ ನಗುತ್ತಲೇ ಕೊಡ ಹಿಡಿದು ನಳದ ಕಡೆ ಓಡುತ್ತಿದ್ದರು.

ಆ ಧ್ವನಿ ಒಂದು ಬೇಸಿಗೆಯಲ್ಲಿ ಒಡೆಯಿತು. ಮೊದಲು ಗೊಗ್ಗರು, ಆಮೇಲೆ ಕೆಮ್ಮು, ಆಮೇಲೆ ನುಂಗಲು ನೋವು. ತಂಬಾಕಿನ ಉಂಡೆ ಅವನ ಕೆನ್ನೆ ಬಿಟ್ಟು ಇಳಿದದ್ದೇ ಇಲ್ಲ, ಯಾರನ್ನು ದೂರುವುದು? ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರು ಸ್ಪಷ್ಟವಾಗಿಯೇ ಹೇಳಿದರು. ಧ್ವನಿಪೆಟ್ಟಿಗೆ ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ. ತೆಗೆದ ಮೇಲೆ ಉಸಿರು ಕೊರಳಲ್ಲಿ ಕೊರೆದ ತೂತಿನಿಂದ ಆಡುತ್ತದೆ, ಬಾಯಿಗೆ ಬರುವುದಿಲ್ಲ. ಫಕ್ಕೀರಪ್ಪ ಕೇಳಿದ್ದು ಒಂದೇ ಪ್ರಶ್ನೆಯಂತೆ: "ಪಿಸುಮಾತರ ಬರ್ತೈತಿಲ್ರಿ ಸಾಹೇಬ್ರ?" ಅದೂ ಬರುವುದಿಲ್ಲ ಎಂದರು ಡಾಕ್ಟರು.

ಆಪರೇಷನ್ನಿಗೆ ಇನ್ನೂ ಇಪ್ಪತ್ತು ದಿನವಿತ್ತು. ಅವನ ಮಗಳು ಕಸ್ತೂರಿ ರೋಣದ ಔಷಧ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆ ಬರುವವಳು. ಅಂಗಡಿಗೆ ಬಂದ ಯಾರೋ ಅವಳಿಗೆ ಒಂದು ಆಪ್ ತೋರಿಸಿದ್ದರು. ಫೋನಿನ ಪರದೆ ತುಂಬ ಗುಂಡಿಗಳು. ಒಂದೊಂದು ಗುಂಡಿಗೆ ಒಂದೊಂದು ಮಾತು ರೆಕಾರ್ಡ್ ಮಾಡಿಟ್ಟರೆ, ಒತ್ತಿದಾಗ ಅದೇ ಧ್ವನಿ ಬರುತ್ತದೆ. ಕಸ್ತೂರಿ ಅದನ್ನು ಅಪ್ಪನ ಫೋನಿಗೆ ಹಾಕಿದಳು. ಆದರೆ ಫಕ್ಕೀರಪ್ಪನಿಗೆ ಫೋನಿನ ಎದುರು ಬಾಯಿಯೇ ಬರಲೊಲ್ಲದು. ಎದುರಿಗೆ ಹೆಂಡತಿ ಹುಲಿಗೆವ್ವ ಇಲ್ಲದೆ "ಹುಲಿಗೆವ್ವಾ, ಚಾ ಮಾಡ" ಎನ್ನುವುದು ಹೇಗೆ? ಕೊನೆಗೆ ರಾಜೇಸಾಬ ಗಾಡಿಯ ಹಳೆಯ ಮೈಕನ್ನು ವಯರು ಕಿತ್ತು ತಂದು ಕೈಗೆ ಕೊಟ್ಟ. ಮೈಕು ಕೈಗೆ ಬಂದದ್ದೇ ತಡ, ಮಾತು ಹರಿಯಿತು.

ಹೌದು. ಬ್ಯಾಡ. ಆತು. ನೀರ ಕೊಡ. ಸಾಕ. ಬರ್ರಿ, ಕೂಡ್ರಿ. ಯಾರದು? ತಗೊಂಡ ಹೋಗ. ಲೇ ರಾಜ್ಯಾ. ಕಸ್ತೂರೀ, ಬಸ್ ತಪ್ಪತೈತಿ ನೋಡವ್ವಾ. ಹೀಗೆ ಇನ್ನೂರ ಹನ್ನೊಂದಾದವು. "ಇನ್ನೊಂದ" ಎಂದ ಫಕ್ಕೀರಪ್ಪ. ಎದ್ದು ನಿಂತು, ಗಂಟಲು ನೋಯುತ್ತಿದ್ದರೂ, ನಳದ ನೀರಿನ ಪ್ರಕಟಣೆಯನ್ನು ಪೂರ್ತಿ ಹೇಳಿದ. ಅದು ಇನ್ನೂರ ಹನ್ನೆರಡನೆಯದು. ಹುಲಿಗೆವ್ವ ಒಲೆಯ ಮುಂದೆ ಕುಳಿತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ನಾನು ಆಗಿನ್ನೂ ಗಾಡಿಯಲ್ಲೇ ಇದ್ದೆ. ಆ ಮನೆಗೆ ಹೋದದ್ದು ಆಪರೇಷನ್ ಆಗಿ ಮೂರು ತಿಂಗಳಿಗೆ. ಕಾರಣ, ಫಕ್ಕೀರಪ್ಪನ ಫೋನು ತುಂಬಿಹೋಗಿತ್ತು. ಧ್ವನಿ ಹೋದವನೆಂದು ಊರೆಲ್ಲ ಅವನಿಗೆ ದೇವರ ಫೋಟೊ, ಶುಭೋದಯ, ನಾಟಕದ ತುಣುಕು ಕಳಿಸುತ್ತಿತ್ತು. ಅವನು ಒಂದನ್ನೂ ಅಳಿಸುತ್ತಿರಲಿಲ್ಲ. ಪ್ರೀತಿಯಿಂದ ಕಳಿಸಿದ್ದನ್ನು ಚೆಲ್ಲುವುದು ಅವನಿಗೆ ಸರಿಬರಲಿಲ್ಲ. ಆ ಅಗ್ಗದ ಫೋನಿಗೆ ಹೊಟ್ಟೆ ಎಷ್ಟಿದ್ದೀತು? ಗುಂಡಿಯ ಆಪ್ ತೆರೆದರೆ ತೆರೆಯದು, ತೆರೆದರೆ ಅಲ್ಲೇ ಮುಚ್ಚಿಕೊಳ್ಳುವುದು. ಒಮ್ಮೆ ಕೊರಳ ತೂತಿಗೆ ಕಫ ಕಟ್ಟಿ ಉಸಿರು ಸಿಕ್ಕಿಕೊಂಡಾಗ, ಹುಲಿಗೆವ್ವನನ್ನು ಕರೆಯುವ ಗುಂಡಿ ಮೂರು ಸಲ ಒತ್ತಿದರೂ ಮಾತು ಬರಲಿಲ್ಲ. ತಂಬಿಗೆ ನೆಲಕ್ಕೆ ಕುಕ್ಕಿ ಸದ್ದು ಮಾಡಿ ಕರೆದನಂತೆ.

ಸುದ್ದಿ ಕೇಳಿ ರಾಜೇಸಾಬ ನನ್ನನ್ನು ಪ್ಲೇಯರಿನಿಂದ ಕಿತ್ತು ಕಸ್ತೂರಿಯ ಅಂಗೈಗಿಟ್ಟ. "ಇದನ್ನ ಹಾಕಿಸವ್ವಾ. ನನ್ನ ಗಾಡಿ ಹಾಡ್ಲಿಲ್ಲಂದ್ರ ಯಾರೂ ಸಾಯಂಗಿಲ್ಲ" ಎಂದು ಬಾಡಿಗೆಗೆ ಹೋದ. ಕಸ್ತೂರಿ ನನ್ನನ್ನು ಕಳಕಪ್ಪನ ಅಂಗಡಿಗೆ ಒಯ್ದಳು. ಕಳಕಪ್ಪ ನನ್ನ ಹಾಡುಗಳನ್ನು ಅಳಿಸಿ, ನನ್ನನ್ನು ಫೋನಿನ ಒಳಸಂಗ್ರಹಕ್ಕೇ ಸೇರಿಸಿದ. ಆಮೇಲೆ ಒಂದೊಂದೇ ಆಪ್ ಹೆಸರು ಒತ್ತಿ ಕಾರ್ಡಿಗೆ ಸಾಗಿಸಿದ. ಗುಂಡಿಯ ಆಪ್ ತನ್ನ ಮಾತುಗಳ ಗಂಟಿನ ಸಮೇತ ನನ್ನೊಳಗೆ ಬಂತು.

"ಇದು ಇನ್ನ ಕಾರ್ಡ ಅಲ್ಲವ್ವಾ, ಈ ಫೋನಿಂದ ಒಂದ ಅಂಗ ಇದ್ದಂಗ" ಎಂದ ಕಳಕಪ್ಪ. "ಇದರ ಬೀಗದ ಕೀಲಿ ಈ ಫೋನಿನಾಗ ಐತಿ, ಬ್ಯಾರೆ ಫೋನಿಗೆ ಹಾಕಿದ್ರ ಇದರಾಗಿಂದು ಏನೂ ಕಾಣಂಗಿಲ್ಲ. ಕೀಳಾಕ ಹೋಗಬ್ಯಾಡ್ರಿ."

ಕಸ್ತೂರಿ ಮನೆಗೆ ಬಂದು, "ಅಪ್ಪಾ, ಆ ಕಾರ್ಡ ಮುಟ್ಟಬ್ಯಾಡ" ಎಂದಳು. ಫಕ್ಕೀರಪ್ಪ "ಆತು" ಗುಂಡಿ ಒತ್ತಿದ. ಇಷ್ಟು ಸಣ್ಣ ಸಾಮಾನು, ಎಲ್ಲಾದರೂ ಬಿದ್ದುಹೋದೀತು ಎಂದು ಮಗಳು ಹೇಳುತ್ತಿದ್ದಾಳೆ ಎಂದುಕೊಂಡ. ಬೀಗ, ಕೀಲಿ, ಅಂಗ ಎಂದೆಲ್ಲ ಬಿಡಿಸಿ ಹೇಳುವಷ್ಟು ಹೊತ್ತು ಕಸ್ತೂರಿಗೂ ಇರಲಿಲ್ಲ.

ಅಂದಿನಿಂದ ಆ ಮನೆಯ ಮಾತು ನಾನಾದೆ. ಏನು ಹೇಳಲಿ, ಹಾಡು ಹೊತ್ತಾಗ ಬಾರದ ಹೆಮ್ಮೆ ಆಗ ಬಂತು. ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಫಕ್ಕೀರಪ್ಪ ಕಟ್ಟೆಗೆ ಕೂರುತ್ತಿದ್ದ. ದಾರಿಯಲ್ಲಿ ಹೋಗುವವರಿಗೆ "ಬರ್ರಿ, ಕೂಡ್ರಿ" ಎನ್ನುತ್ತಿದ್ದೆ ನಾನು. ಕಾಯಿಪಲ್ಲೆ ಗಾಡಿಯವಳೊಡನೆ "ಬ್ಯಾಡ, ಸಾಕ" ಎಂದು ಜಗಳ ಆಡುತ್ತಿದ್ದೆ. ರೇಗುತ್ತಿದ್ದವಳು ಹುಲಿಗೆವ್ವ. ದಿನಕ್ಕೆ ನಾಲ್ಕು ಸಲ ಚಹಾ ಕೇಳಿದರೂ ನಾಲ್ಕೂ ಸಲ ಅದೇ ರಾಗ. "ಅಲ್ರೀ, ಒಂದ ಸಲಾನರ ಬ್ಯಾರೆ ನಮೂನಿ ಕೇಳಬಾರದಾ?" ಎಂದು ಒಲೆಯ ಮುಂದಿನಿಂದ ಕೂಗುತ್ತಿದ್ದಳು. ಅವನು ಬೇಕೆಂದೇ ಮತ್ತೊಮ್ಮೆ ಒತ್ತುತ್ತಿದ್ದ. ಅವಳು ನಗುತ್ತಿದ್ದಳು.

ಇನ್ನೂರ ಹನ್ನೆರಡು ಮಾತು ಬಹಳ ಎನಿಸುತ್ತದೆ. ಅಲ್ಲ. ಹುಲಿಗೆವ್ವನ ತಮ್ಮ ತೀರಿಕೊಂಡ ದಿನ ಅದು ಗೊತ್ತಾಯಿತು. ಅವಳು ನೆಲಕ್ಕೆ ಕುಸಿದು ಅಳುತ್ತಿದ್ದಳು. ಫಕ್ಕೀರಪ್ಪ ಪಕ್ಕದಲ್ಲಿ ಕುಳಿತು ಪರದೆ ಸರಿಸುತ್ತಲೇ ಇದ್ದ, ಮೇಲೆ, ಕೆಳಗೆ, ಮತ್ತೆ ಮೇಲೆ. ಸಮಾಧಾನದ ಮಾತೊಂದನ್ನು ರೆಕಾರ್ಡ್ ಮಾಡುವುದು ಯಾರಿಗೂ ಹೊಳೆದಿರಲಿಲ್ಲ. ಕೊನೆಗೆ "ಹುಲಿಗೆವ್ವಾ" ಎಂಬ ಗುಂಡಿಯೊಂದನ್ನೇ ಒತ್ತಿದ. ಅದು ಸಂತೆಗೆ ಹೊರಟ ಹೆಂಡತಿಯನ್ನು ಕರೆಯುವ ಧಾಟಿ. ನನಗೆ ನಾಚಿಕೆಯಾಯಿತು, ಆದರೆ ನನ್ನಲ್ಲಿ ಇದ್ದದ್ದೇ ಅಷ್ಟು.

ಅತ್ತ ರಾಜೇಸಾಬನ ಗಾಡಿಯಲ್ಲಿ ಹಿಂದಿನ ಸೀಟು ಖಾಲಿ. ಈಗ ಪ್ರಕಟಣೆಗಳು ಹುಬ್ಬಳ್ಳಿಯಿಂದ ಪೆನ್‌ಡ್ರೈವಿನಲ್ಲಿ ಬರುತ್ತಿದ್ದವು. ಯಾರೋ ಹುಡುಗಿಯ ನುಣುಪು ಧ್ವನಿ, ಪುಸ್ತಕದ ಮಾತು. ಜನ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ರಾಜೇಸಾಬ ದಿನವೂ ಮಧ್ಯಾಹ್ನ ಕಟ್ಟೆಗೆ ಬಂದು ಗೆಳೆಯನ ಪಕ್ಕ ಬೀಡಿ ಸೇದದೆ ಕೂರುತ್ತಿದ್ದ. ಗೆಳೆಯನ ಕೊರಳಿಗೆ ಹೊಗೆ ಹೋಗಬಾರದೆಂದು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡಿರುತ್ತಿದ್ದ.

ಮರುವರ್ಷದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ರಾಜೇಸಾಬ ಓಡೋಡಿ ಬಂದ. ದೊಡ್ಡ ಪೈಪು ಒಡೆದಿದೆ, ನಾಳೆ ನಾಡಿದ್ದು ನಳ ಬರುವುದಿಲ್ಲ, ಹುಬ್ಬಳ್ಳಿಯ ಪೆನ್‌ಡ್ರೈವಿಗೆ ಕಾಯುವಷ್ಟು ಹೊತ್ತಿಲ್ಲ, ನೀನೇ ಹೇಳಿಬಿಡು ಎಂದು ಪುರಸಭೆಯವರು ಅವನಿಗೇ ವಹಿಸಿದ್ದರು. ಮೈಕು ಹಿಡಿದರೆ ರಾಜೇಸಾಬನ ನಾಲಿಗೆ ಅಂಗುಳಕ್ಕೆ ಅಂಟುತ್ತದೆ, ಅದು ಊರಿಗೇ ಗೊತ್ತು.

"ಫಕ್ಕೀರಣ್ಣಾ, ನಿನ್ನ ಕಡೆ ನೀರಿಂದು ಐತೆಲ್ಲೊ! ಇವತ್ತ ಊರಿಗೆ ನಿನ್ನ ಧ್ವನಿ ಕೇಳಸ್ತೀನಿ ನೋಡ!"

ಫಕ್ಕೀರಪ್ಪನ ಮುಖ ನೋಡಬೇಕಿತ್ತು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಫೋನು ಎತ್ತಿಕೊಂಡು ಗಾಡಿ ಹತ್ತಲು ಎದ್ದೇಬಿಟ್ಟ. ಅವನು ಹಾಗೇ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಹಿಂದಿನ ಎರಡು ದಿನ ಜ್ವರ ಬಂದು ಆಗಷ್ಟೇ ಬಿಟ್ಟಿತ್ತು. ಹುಲಿಗೆವ್ವ ಅಡ್ಡ ನಿಂತಳು. "ಆ ಧೂಳಿನಾಗ ಬ್ಯಾಡ್ರಿ, ಕೊರಳ ತೂತಿಗೆ ಹೋದೀತು" ಎಂದಳು.

ರಾಜೇಸಾಬ ತನಗೆ ತಿಳಿದ ಹಾದಿ ಹಿಡಿದ. "ನೀ ಮನ್ಯಾಗ ಇರು. ಫೋನೂ ನಿನ್ನ ಕಡೆನ ಇರಲಿ, ಇಲ್ದಿದ್ರ ಹುಲಿಗೆಕ್ಕನ ಜೋಡಿ ಹೆಂಗ ಮಾತಾಡ್ತಿ? ಕಾರ್ಡ ಒಂದ ಕೊಡ. ಪ್ಲೇಯರಿಗೆ ಹಾಕಿ, ಊರ ತಿರುಗಿ, ಊಟದ ಹೊತ್ತಿಗೆ ತಂದ ಕೊಡ್ತೀನಿ."

ಗೆಳೆಯ ಮಾತಿಲ್ಲದೆ ಕೂರಬಾರದು ಎಂಬ ಕಾಳಜಿಯಿಂದ ಅವನು ಫೋನು ಬಿಟ್ಟು ನನ್ನನ್ನು ಕೇಳಿದ. ಇದಕ್ಕಿಂತ ದೊಡ್ಡ ಸಂಕಟ ನನಗೆ ಇನ್ನೊಂದಿಲ್ಲ. ಫಕ್ಕೀರಪ್ಪ "ಹೌದು" ಒತ್ತಿದ. ಮತ್ತೆ ಒತ್ತಿದ, "ಹೌದು, ಹೌದು". ಆಮೇಲೆ ಪರದೆ ಸರಿಸಿ, "ತಗೊಂಡ ಹೋಗ" ಒತ್ತಿದ. ಅವನ ಧ್ವನಿ ಈ ಲೋಕದಲ್ಲಿ ಆಡಿದ ಕೊನೆಯ ಮಾತು ಅದು. ಹುಲಿಗೆವ್ವ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಕೊಟ್ಟಳು. ರಾಜೇಸಾಬ ಅದನ್ನು ಚುಚ್ಚಿ ನನ್ನನ್ನು ಹೊರಗೆಳೆದ. ಕಸ್ತೂರಿ ಆ ಹೊತ್ತಿಗೆ ರೋಣದಲ್ಲಿ ಮಾತ್ರೆ ಎಣಿಸುತ್ತಿದ್ದಳು.

ಪ್ಲೇಯರು ನನ್ನನ್ನು ತಡವಿ ನೋಡಿತು, ಏನೂ ಸಿಗಲಿಲ್ಲ. ನನ್ನೊಳಗೆ ಎಲ್ಲವೂ ಇತ್ತು, ಆದರೆ ಬೀಗ ಬಿದ್ದಿತ್ತು, ಕೀಲಿ ಫಕ್ಕೀರಪ್ಪನ ಫೋನಿನಲ್ಲಿತ್ತು. ಅಲ್ಲಿಗೇ ಬಿಟ್ಟು ನನ್ನನ್ನು ವಾಪಸ್ ಒಯ್ದಿದ್ದರೆ ಒಂದು ಮಾತೂ ಹಾಳಾಗುತ್ತಿರಲಿಲ್ಲ. ರಾಜೇಸಾಬ ಉಫ್ ಎಂದು ಊದಿದ. ಅಂಗಿಗೆ ಉಜ್ಜಿದ. ತನ್ನ ಫೋನಿಗೆ ಹಾಕಿದ. ಇಂಗ್ಲಿಷಿನ ನಾಲ್ಕು ಸಾಲು ಬಂದವು, ಕೆಳಗೆ ನೀಲಿ ಗುಂಡಿ.

ಬೇಡವೋ ರಾಜೇಸಾಬ, ಇವು ಹಾಡಲ್ಲ ಎಂದು ಕೂಗಿಕೊಂಡೆ. ನನಗೆಲ್ಲಿಯ ಬಾಯಿ? ಅವನು ಒತ್ತಿದ.

ಅರ್ಧ ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ. ನೋವೂ ಆಗಲಿಲ್ಲ, ಅದೇ ನನಗೆ ಇವತ್ತಿಗೂ ಅಸಹ್ಯ. ರಾಜೇಸಾಬನ ಬೆರಳಿಗೆ ಹನ್ನೊಂದು ಸಲ ಹಾಡು ಹೋದ ಹಾಗೆಯೇ ಹನ್ನೆರಡನೇ ಸಲ ಫಕ್ಕೀರಪ್ಪ ಹೋದ.

ರಾಜೇಸಾಬ ತಲೆ ಕೆರೆದುಕೊಳ್ಳುತ್ತ ಮನೆಗೆ ಬಂದ. "ಧೂಳ ಹಿಡದಿತ್ತು, ಸಾಪ್ ಮಾಡೀನಿ. ಆದ್ರೂ ಹತ್ತವಲ್ದು. ನಿನ್ನ ಫೋನಿಗೆ ಹಾಕಿ ನೋಡೂಣು" ಎಂದ. ಹಾಕಿದರು. ಗುಂಡಿಯ ಆಪಿನ ಚಿತ್ರ ಬೂದಿ ಬಣ್ಣಕ್ಕೆ ತಿರುಗಿತ್ತು. ಫಕ್ಕೀರಪ್ಪ ಒತ್ತಿದ. ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಮತ್ತೆ ಒತ್ತಿದ. ಬಾಯಿಂದ ಊದಲು ಹೋದ, ಊದಲು ಉಸಿರು ಬಾಯಿಗೆ ಬರುವುದಿಲ್ಲ ಎಂಬುದು ಆಮೇಲೆ ನೆನಪಾಯಿತು. ಸಂಜೆಯ ಬಸ್ಸು ಬರುವವರೆಗೆ ಅವನು ಒತ್ತುತ್ತಲೇ ಇದ್ದ.

ಕಸ್ತೂರಿ ಬಂದು ನೋಡಿ, "ಕಾಕಾ, ಯಾವ ಗುಂಡಿ ಒತ್ತಿದಿ?" ಎಂದಳು.

"ನೀಲಿದವ್ವಾ. ಯಾವಾಗಲೂ ಒತ್ತತೀನಲ್ಲ, ಅದನ್ನ."

ಅವಳು ಚಪ್ಪಲಿಯನ್ನೂ ಮೆಟ್ಟದೆ ನನ್ನನ್ನು ಹಿಡಿದು ಕಳಕಪ್ಪನ ಅಂಗಡಿಗೆ ಓಡಿದಳು. ಕಳಕಪ್ಪ ಕಂಪ್ಯೂಟರಿಗೆ ಹಾಕಿ ಬಹಳ ಹೊತ್ತು ನೋಡಿದ. "ಅಳಸ್ಯಾರವ್ವಾ. ಹಾಡಾಗಿದ್ರ ತುಂಬಿ ಕೊಡ್ತಿದ್ದೆ. ಇದರದು ಇನ್ನೊಂದ ಪ್ರತಿ ಎಲ್ಲೆರ ಐತೇನು?" ಎಂದ. ಇರಲಿಲ್ಲ. ಇನ್ನೊಮ್ಮೆ ರೆಕಾರ್ಡ್ ಮಾಡಲು ಧ್ವನಿ ಇರಲಿಲ್ಲ.

ಅವಳು ತಿರುಗಿ ಬಂದಾಗ ರಾಜೇಸಾಬ ಒಳಗೆ ಬರಲು ಧೈರ್ಯವಿಲ್ಲದೆ ಹೊರಗೆ ಕಟ್ಟೆಯ ಮೇಲೆ ತಲೆ ಹಿಡಿದು ಕುಳಿತಿದ್ದ. ಫಕ್ಕೀರಪ್ಪ ಒಳಗಿನ ಹಾಸಿಗೆಯಲ್ಲಿದ್ದ. ಮಗಳ ಮುಖ ನೋಡಿದವನಿಗೆ ಕೇಳುವುದೇನೂ ಉಳಿಯಲಿಲ್ಲ. ಎದ್ದು, ಅವಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ನಾಲ್ಕು ಸಾಲು ಬರೆದ. ರಾಜೇಸಾಬನಿಗೆ ಓದಿ ಹೇಳು ಎಂದು ಕೈಸನ್ನೆ ಮಾಡಿ ಅವಳಿಗೆ ಕೊಟ್ಟ.

ಕಸ್ತೂರಿ ಹೊಸ್ತಿಲಲ್ಲಿ ನಿಂತು ತನ್ನಷ್ಟಕ್ಕೆ ಓದಿಕೊಂಡಳು. ಮುಖ ಗಂಟಿಕ್ಕಿತು.

"ಏನ ಬರದಾನವ್ವಾ?" ಎಂದ ರಾಜೇಸಾಬ.

"ಏನರ ಬರೀಲಿ. ತಗೊಳ್ರಿ ನಿಮ್ಮ ಕಾರ್ಡ. ಹೋಗ್ರಿ ಇನ್ನ." ಹುಟ್ಟಿದಾಗಿನಿಂದ ಏಕವಚನದಲ್ಲಿ ಕಾಕಾ ಎಂದು ಕರೆದವಳು ಅಂದು ಬಹುವಚನ ಹಚ್ಚಿದಳು. ಹಾಳೆಯನ್ನೂ 
ನನ್ನನ್ನೂ ಅವನ ಕೈಗೆ ತುರುಕಿ ಬಾಗಿಲು ಹಾಕಿಕೊಂಡಳು. ಓದಿ ಹೇಳಿದಳೆಂದೇ ಒಳಗಿದ್ದ ಫಕ್ಕೀರಪ್ಪ ತಿಳಿದ.

ರಾಜೇಸಾಬ ನನ್ನನ್ನು ಆ ಹಾಳೆಯಲ್ಲೇ ಮಡಿಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ. ಅಕ್ಷರಗಳು ನನ್ನ ಮೈಗೇ ಅಂಟಿಕೊಂಡವು. ನನಗೆ ಓದಲು ಬರುತ್ತದೆ. ಅಲ್ಲಿ ಹೀಗಿತ್ತು: "ರಾಜ್ಯಾ, ಇರಲಿ ಬಿಡು. ನೀ ಕಳೀಲಿಲ್ಲ, ನಾನ ಕೊಟ್ಟೆ. ನಾಳಿ ಮುಂಜಾನೆ ಗಾಡಿ ತಗೊಂಡು ಬಾ. ಹಿಂದಿನ ಸೀಟಿನಾಗ ಸುಮ್ಮನ ಕುಂತು ಊರ ನೋಡ್ತೀನಿ."

ರಾಜೇಸಾಬ ಅದನ್ನು ಯಾರಿಂದಲೂ ಓದಿಸಲಿಲ್ಲ. ಬೈದು ಬರೆದಿದ್ದಾನೆ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ, ಕಸ್ತೂರಿಯ ಮುಖ ನೋಡಿದ್ದನಲ್ಲ. "ಬೈಲಿ. ಅವನ ಬೈಗುಳ ಮಂದಿ ಬಾಯಾಗ ಕೇಳಾಕ ನಾ ಒಲ್ಲೆ" ಎಂದು ಹೆಂಡತಿಗೆ ಹೇಳಿದ. ನನ್ನನ್ನು ಮಾತ್ರ ಗದಗ, ಹುಬ್ಬಳ್ಳಿ ಎಂದು ಅಂಗಡಿ ಅಂಗಡಿ ಅಲೆಸಿದ. ಗಾಜಿನ ಮೇಜಿನ ಮೇಲೆ ನನ್ನನ್ನಿಟ್ಟು, "ಇದರಾಗ ಒಬ್ಬ ಮನಶ್ಯಾ ಇದ್ದರೀ, ಹೊರಗ ತಗದು ಕೊಡ್ರಿ" ಎನ್ನುತ್ತಿದ್ದ. ಕೆಲವರು ನಕ್ಕರು, ಕೆಲವರು ಪ್ರಯತ್ನಿಸಿದರು. ನನ್ನಲ್ಲಿ ಏನೂ ಇರಲಿಲ್ಲ. ಹಾಳೆಯನ್ನು ಬಿಚ್ಚಿ ನನ್ನನ್ನು ತೆಗೆಯುವಾಗಲೆಲ್ಲ ಅದರ ಅಕ್ಷರದ ಕಡೆ ಅವನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಫಕ್ಕೀರಪ್ಪ ಮರುದಿನ ಬೆಳಿಗ್ಗೆ ಒಗೆದ ಅಂಗಿ ತೊಟ್ಟು ಕಟ್ಟೆಯ ಮೇಲೆ ಕುಳಿತ. ಹತ್ತು ಗಂಟೆಯವರೆಗೆ ಕಾದ. ಮರುದಿನವೂ, ಅದರ ಮರುದಿನವೂ. ರಾಜೇಸಾಬನ ಗಾಡಿ ಆ ಓಣಿಯ ತಿರುವಿನವರೆಗೆ ಬರುತ್ತಿತ್ತು. ಜೇಬಿನಲ್ಲಿ ನಾನಿರುತ್ತಿದ್ದೆ. ದೂರದಿಂದ ಕಟ್ಟೆಯ ಮೇಲೆ ಗೆಳೆಯನನ್ನು ಕಂಡು, "ನೋಡ, ನನ್ನ ಮ್ಯಾಲಿನ ಸಿಟ್ಟಿಗೆ ಹೊರಗ ಬಂದು ಕುಂತಾನ" ಎಂದು ತನ್ನಲ್ಲೇ ಅಂದುಕೊಂಡು ಗಾಡಿ ತಿರುಗಿಸುತ್ತಿದ್ದ. ಒಮ್ಮೆ ಫಕ್ಕೀರಪ್ಪನೇ ಕೊರಳ ಬಟ್ಟೆ ಹಿಡಿದುಕೊಂಡು ಆಟೊ ಸ್ಟ್ಯಾಂಡಿನವರೆಗೆ ನಡೆದು ಬಂದ. ಇವನು ಅವನನ್ನು ನೋಡಿ, ನಾಚಿಕೆಗೆ ಗಾಡಿ ಹೊಡೆದುಕೊಂಡು ಹೋಗಿಬಿಟ್ಟ. ಹಿಂದಿನಿಂದ ಕೂಗಿ ಕರೆಯಲು ಫಕ್ಕೀರಪ್ಪನಿಗೆ ಧ್ವನಿ ಇರಲಿಲ್ಲ. ಅವನು ನಡುರಸ್ತೆಯಲ್ಲಿ ಕೈ ಎತ್ತಿಕೊಂಡು ನಿಂತದ್ದನ್ನು ರಾಜೇಸಾಬ ತಿರುಗಿ ನೋಡಲಿಲ್ಲ.

ಹೀಗೆ ಏಳು ತಿಂಗಳು. ಶಿವರಾತ್ರಿ ಕಳೆದ ಮೇಲೆ ಬೇನೆ ಮತ್ತೆ ಮರಳಿ, ಎದೆಗೆ ಇಳಿದು, ಹದಿನೈದೇ ದಿನದಲ್ಲಿ ಫಕ್ಕೀರಪ್ಪ ತೀರಿಕೊಂಡ. ಸುದ್ದಿಯನ್ನು ಬೇರೊಂದು ಗಾಡಿ ಸಾರಿತು, ಹುಡುಗಿಯ ಧ್ವನಿಯಲ್ಲಿ. ಅವನ ಹೆಸರನ್ನು ಆ ಧ್ವನಿ ಹೇಳಿದಾಗ ರಾಜೇಸಾಬ ಸ್ಟ್ಯಾಂಡಿನಲ್ಲಿ ಚಹಾ ಹಿಡಿದಿದ್ದ. ಸುಡುಗಾಡಿಗೆ ಎಲ್ಲರ ಹಿಂದೆ ಹೋಗಿ, ಎಲ್ಲರೂ ಹೋದ ಮೇಲೆ ಒಂದು ಹಿಡಿ ಮಣ್ಣು ಹಾಕಿ ಬಂದ.

ಹನ್ನೆರಡನೇ ದಿನಕ್ಕೆ ಕಸ್ತೂರಿ ಅವನ ಮನೆಗೆ ಬಂದಳು. ಸೊರಗಿದ್ದಳು. ಒಳಗೆ ಬರುವ ಮೊದಲೇ ಕೇಳಿದಳು: "ಕಾಕಾ, ಆ ಹಾಳಿ ಇಟ್ಟಿಯೇನು?"

"ಐತವ್ವಾ. ಓದಬ್ಯಾಡ. ಹ್ವಾದಂವಾ ಹ್ವಾದ. ಬೈಸ್ಕೊಳ್ಳಾಕ ನನ್ನ ಕಡೆ ಈಗ ಎದಿ ಇಲ್ಲ."

"ಬೈದಿಲ್ಲ ಕಾಕಾ. ಅವತ್ತ ನಾ ಓದಿ ಹೇಳಲಿಲ್ಲ. ನನಗ ಸಿಟ್ಟ ಬಂದಿತ್ತು. ಅಪ್ಪ ಇಷ್ಟ ಲಗೂನ ಮಾಫ್ ಮಾಡಿದ್ದು ನನಗ ತಾಳಲಿಲ್ಲ. ನಾಳಿ ಹೇಳಿದ್ರಾತು, ನಾಡದು ಹೇಳಿದ್ರಾತು ಅಂತ..." ಅವಳು ಕೈ ಚಾಚಿದಳು.

ಅವನು ಜೇಬಿನಿಂದ ತೆಗೆದುಕೊಟ್ಟ. ಅವಳು ಹಾಳೆ ಬಿಚ್ಚಿ, ನನ್ನನ್ನು ಬದಿಗಿಟ್ಟು, ಓದಿದಳು. "ಇನ್ನೊಮ್ಮೆ ಓದವ್ವಾ" ಎಂದ ರಾಜೇಸಾಬ. ಅವಳು ಇನ್ನೊಮ್ಮೆ ಓದಿದಳು.

"ಅಂವಾ ದಿನಾ ಕಟ್ಟಿಮ್ಯಾಲೆ ಕುಂತಿರ್ತಿದ್ದನಲ್ಲವ್ವಾ?"

"ಹೂಂ ಕಾಕಾ. ನಿನ್ನ ಹಾದಿ ನೋಡ್ಕೊಂತ."

ಆ ಮುದುಕ ಅತ್ತದ್ದನ್ನು ನಾನು ಹೇಳಲಾರೆ. ಎದೆ ಎದೆ ಬಡಿದುಕೊಂಡ. ಕಸ್ತೂರಿ ಅವನ ಕಾಲು ಹಿಡಿದುಕೊಂಡು ಕುಳಿತಿದ್ದಳು.

ನನಗೀಗ ವಯಸ್ಸಾಗಿದೆ. ನನ್ನೊಳಗೆ ಮೂವತ್ತೆರಡು ಜಿಬಿ ಜಾಗ ಪೂರ್ತಿ ಖಾಲಿ ಇದೆ, ರಾಜೇಸಾಬ ಒಂದು ಹಾಡನ್ನೂ ಹಾಕಿಸಿಲ್ಲ. ಜಾಗ ಮಾಡಿಕೊಡಲೆಂದೇ ನನ್ನನ್ನು ಆ ಮನೆಗೆ ಒಯ್ದಿದ್ದರು. ನನಗಿಂತ ಆ ನೋಟ್‌ಬುಕ್ಕಿನ ಹಾಳೆ ಮೇಲು. ಅದರ ಮಾತು ಅದರಲ್ಲೇ ಉಳಿಯಿತು, ಓದಿ ಹೇಳುವವರು ತಡಮಾಡಿದರು ಅಷ್ಟೇ. ಈಗಲೂ ನಾನು ಆ ಹಾಳೆಯೊಳಗೇ, ಅವನ ಒಳಜೇಬಿನಲ್ಲಿದ್ದೇನೆ.

ಕಸ್ತೂರಿ ಓದಿ ಹೇಳಿದ ಮರುದಿನ ಬೆಳಿಗ್ಗೆ ರಾಜೇಸಾಬ ಗಾಡಿ ತೊಳೆದ. ಹಿಂದಿನ ಸೀಟನ್ನು ಒರೆಸಿದ. ಆ ಓಣಿಯ ತಿರುವಿನಲ್ಲಿ ನಿಲ್ಲದೆ ಸೀದಾ ಹೋಗಿ ಕಟ್ಟೆಯ ಮುಂದೆ ನಿಲ್ಲಿಸಿದ. ಹುಲಿಗೆವ್ವ ಬಾಗಿಲಿಗೆ ಬಂದು ನೋಡಿದಳು. ಅವನು ಹತ್ತು ಗಂಟೆಯವರೆಗೆ ಅಲ್ಲೇ ಕುಳಿತಿದ್ದು, ಆಮೇಲೆ ಗಾಡಿಯನ್ನು ನಿಧಾನಕ್ಕೆ ಊರ ತುಂಬ ತಿರುಗಿಸಿಕೊಂಡು ಬಂದ.